ಭುಜದ ಮೇಲಿನ ಗಂಟು

ಭುಜ ನೋಯುತ್ತದೆಂದರೆ ನಮ್ಮ ಮನೆಗಳಲ್ಲಿ ಕಾರಣ ಮೊದಲೇ ಸಿದ್ಧವಾಗಿರುತ್ತದೆ: ವಾಯು, ಕತ್ತಿನ ಮೂಳೆಯ ಸವೆತ, ಸಕ್ಕರೆ ಕಾಯಿಲೆಯಿದ್ದವರಿಗೆ ಕೀಲಿನ ಬಿಗಿತ. ಹೆಚ್ಚಿನ ಸಲ ಅದು ನಿಜವೂ ಹೌದು. ಆದ್ದರಿಂದಲೇ ಉಮ್ಮನ ಬಲಭುಜದ ನೋವು ಎರಡು ವರ್ಷ ಎಣ್ಣೆ, ಶಾಖ, ಮಾತ್ರೆಗಳಲ್ಲೇ ಕಳೆಯಿತು. ಆದರೆ ಕೀಲು ಬಿಗಿದವರಿಗೆ ಕೈ ಎತ್ತಲಾಗದು. ಉಮ್ಮ ತಕ್ಬೀರ್‌ಗೆ ಸಲೀಸಾಗಿ ಕೈ ಎತ್ತುತ್ತಿದ್ದರು. ಚೀಲದ ಪಟ್ಟಿ ಕಾಲರ್ ಮೂಳೆಯ ಮೇಲೆ ಒತ್ತಿದಾಗ ಮಾತ್ರ ಹೆಬ್ಬೆರಳಿನವರೆಗೂ ಜುಮ್ಮೆಂದು ಮಿಂಚು ಹರಿಯುತ್ತಿತ್ತು.

ಕೊನೆಗೆ ಆ ಜಾಗದಲ್ಲಿ ಅಡಿಕೆಯಷ್ಟು ದೊಡ್ಡ ಗಂಟು ಕೈಗೆ ಸಿಕ್ಕಿತು. ಒಬ್ಬ ವೈದ್ಯರು ಅದನ್ನು ದುಗ್ಧಗ್ರಂಥಿಯೆಂದು ಭಾವಿಸಿ ಸೂಜಿ ಪರೀಕ್ಷೆಗೆ ಬರೆದುಕೊಟ್ಟರು. ಸೂಜಿ ತಾಗಿದೊಡನೆ ಉಮ್ಮ ಚೀರಿದರು. ಅವರಿಗೆ ಅಂಜಿಕೆಯೆಂದು ಅಲ್ಲಿದ್ದವರು ನಕ್ಕರು. ಆ ಚೀರಾಟವೇ ರೋಗದ ದೊಡ್ಡ ಸುಳಿವಾಗಿತ್ತು.

ಅನಂತರ ಕಂಡ ನರಶಸ್ತ್ರಚಿಕಿತ್ಸಕರು ಬೆರಳುಗಳಿಂದಲೇ ಅರ್ಧ ಉತ್ತರ ಕಂಡುಕೊಂಡರು. ಗಂಟು ಅಕ್ಕಪಕ್ಕಕ್ಕೆ ಸರಿಯುತ್ತಿತ್ತು, ನರದ ಉದ್ದಕ್ಕೆ ಸರಿಯುತ್ತಿರಲಿಲ್ಲ. ಮೆಲ್ಲನೆ ತಟ್ಟಿದರೆ ಅದೇ ಜುಮ್ಮು. ಫ್ರಾನ್ಸಿನ ಜೂಲ್ ಟಿನೆಲ್ 1915ರಲ್ಲಿ ವಿವರಿಸಿದ ಲಕ್ಷಣವಿದು. ಕತ್ತಿನಿಂದ ಹೊರಟ ಐದು ನರಬೇರುಗಳು ಭುಜದ ಬಳಿ ಹೆಣೆದುಕೊಂಡು ಇಡೀ ತೋಳನ್ನು ನಡೆಸುತ್ತವೆ. ಆ ಹೆಣಿಗೆಯ ಒಂದು ನರಕ್ಕೆ ಹೊದಿಕೆಯಾದ ಶ್ವಾನ್ ಜೀವಕೋಶಗಳು ಬೆಳೆದು ಗಡ್ಡೆಯಾಗಿದ್ದವು, ಹೆಸರು ಶ್ವಾನೋಮಾ. ಎಂಆರ್‌ಐ ಚಿತ್ರದಲ್ಲಿ ಅದು ಕದಿರಿನಂತಿತ್ತು, ಎರಡೂ ತುದಿಗಳಲ್ಲಿ ನರ ಬಾಲದಂತೆ ಕಾಣುತ್ತಿತ್ತು. ಮೈಯಲ್ಲಿ ಬೇರೆ ಗಂಟುಗಳಿವೆಯೇ, ಕುಟುಂಬದಲ್ಲಿ ಎಳೆಯ ಪ್ರಾಯದಲ್ಲೇ ಕಿವುಡಾದವರಿದ್ದಾರೆಯೇ ಎಂದೂ ವೈದ್ಯರು ವಿಚಾರಿಸಿದರು. ಇಂಥ ಗಡ್ಡೆಗಳು ಹಲವಿದ್ದರೆ ವಂಶವಾಹಿ ಕಾಯಿಲೆಯ ಶಂಕೆ ಮೂಡುತ್ತದಂತೆ. ನಮ್ಮಲ್ಲಿ ಅದಾವುದೂ ಇರಲಿಲ್ಲ.

‘ಗಡ್ಡೆ’ ಎಂಬ ಮಾತು ಕಿವಿಗೆ ಬಿದ್ದದ್ದೇ ಮನೆಯಲ್ಲಿ ಅಳು. "ಕತ್ತಿ ತಾಗಿಸಬೇಡಿ, ಹರಡುತ್ತದೆ" ಎಂದು ಮಾಮ ಹಟ ಹಿಡಿದರು. ಶ್ವಾನೋಮಾ ಕ್ಯಾನ್ಸರ್ ಆಗುವುದು ಅತಿ ವಿರಳ. ನಿಜವಾದ ಅಪಾಯ ಬೇರೆಯೇ ಇತ್ತು: ಗ್ರಂಥಿಯೆಂದು ಬಗೆದು ಇಡಿಯಾಗಿ ಕತ್ತರಿಸಿದ್ದರೆ ನರವೂ ಜೊತೆಗೆ ಹೋಗುತ್ತಿತ್ತು, ಉಮ್ಮನ ತೋಳು ಜೋತುಬೀಳುತ್ತಿತ್ತು. ಸರಿಯಾಗಿ ಗುರುತಿಸಿದ್ದರಿಂದ, ಸಣ್ಣ ವಿದ್ಯುತ್ ಪ್ರಚೋದನೆಯಿಂದ ಕೆಲಸ ಮಾಡುವ ಎಳೆಗಳನ್ನು ಪತ್ತೆಹಚ್ಚಿ, ಅವಿಲ್ಲದ ಕಡೆ ಹೊದಿಕೆಯನ್ನು ಸೀಳಿ, ಕಾಯಿಯಿಂದ ತಿರುಳು ಬಿಡಿಸಿದಂತೆ ಗಡ್ಡೆಯನ್ನು ಮಾತ್ರ ತೆಗೆದರು. ಸೂಕ್ಷ್ಮದರ್ಶಕದ ಪರೀಕ್ಷೆಯೂ ಶ್ವಾನೋಮಾ ಎಂದೇ ಖಚಿತಪಡಿಸಿತು.

ಹೆಬ್ಬೆರಳಿನ ತುದಿ ಕೆಲವು ತಿಂಗಳು ಮರಗಟ್ಟಿತ್ತು. ಈಗ ಉಮ್ಮ ಮೊದಲಿನಂತೆಯೇ ಅಕ್ಕಿಹಿಟ್ಟು ನಾದುತ್ತಾರೆ. ಸೂಜಿಗೆ ದಾರ ಪೋಣಿಸುವಾಗ ಮಾತ್ರ ತಂಗಿಯನ್ನು ಕರೆಯುತ್ತಾರೆ.