ಕಡದ ಪುಸ್ತಕ

ಭವಾನಿ ನದಿಯ ದಂಡೆಯಲ್ಲಿರುವ ಸಿರುಮುಗೈ ಮೆದು ರೇಷ್ಮೆ ಸೀರೆಗಳಿಗೆ ಹೆಸರಾದ ನೇಕಾರರ ಊರು. ಕೊಯಮತ್ತೂರು ಜಿಲ್ಲೆಯ ಈ ಊರಿನಲ್ಲಿ ದೇವಾಂಗರ ಮನೆಮಾತು ಇಂದಿಗೂ ಕನ್ನಡ. ಆದರೆ ಹಲವರಿಗೆ ಶಾಲೆಯಲ್ಲಿ ದೊರೆತ ಲಿಪಿ ತಮಿಳು. ಅಲ್ಲಿಯ ಒಂದು ಸಣ್ಣ ಜವಳಿ ಅಂಗಡಿಯ ಕಡದ ಪುಸ್ತಕದಲ್ಲೂ ಕನ್ನಡದ ಮನೆಗಳ ಲೆಕ್ಕ ತಮಿಳು ಅಕ್ಷರಗಳಲ್ಲಿದೆ.

ಅಂಗಡಿಯ ಯಜಮಾನರಿಗೆ ಎಪ್ಪತ್ತು ಸಮೀಪಿಸಿದೆ. ಬಸ್ಸು ಹಿಡಿದು ತಿರುಪ್ಪೂರಿನ ಖಾದರ್‌ಪೇಟೆಗೆ ಹೋಗಿ, ಬನಿಯನ್ನು, ಮಕ್ಕಳ ಉಡುಪುಗಳನ್ನು ಆರಿಸಿ ಗಂಟು ಕಟ್ಟಿಸಿ ತರುವುದು ಅವರ ರೂಢಿ. ಬಟ್ಟೆಯನ್ನು ಎರಡು ಬೆರಳುಗಳ ನಡುವೆ ಹಿಡಿದು ನೋಡಿ, ಅದು ಎಷ್ಟು ಒಗೆತ ತಾಳುವುದೆಂದು ಹೇಳಬಲ್ಲರು. ನೇಕಾರನ ಕೈಗೆ ಕೂಲಿ ಬರುವುದು ಸೀರೆ ಮಗ್ಗದಿಂದ ಇಳಿದ ಮೇಲೆ. ಶಾಲೆ ತೆರೆಯುವುದಾದರೋ ಜೂನ್ ತಿಂಗಳಲ್ಲಿ. ಈ ನಡುವಿನ ದಿನಗಳನ್ನು ಎಷ್ಟೋ ಮನೆಗಳು ದಾಟಿದ್ದು ಆ ಕಡದ ಪುಸ್ತಕದ ಆಸರೆಯಿಂದ.

2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಪುಸ್ತಕ ಮಾರಾಟದಿಂದ ಆರಂಭವಾದಾಗಲಾಗಲಿ, 2013ರಲ್ಲಿ ಅಮೆಜಾನ್ ಭಾರತದಲ್ಲಿ ವ್ಯಾಪಾರಕ್ಕಿಳಿದಾಗಲಾಗಲಿ ಈ ಅಂಗಡಿಗೆ ಅದರ ಬಿಸಿ ತಟ್ಟಿರಲಿಲ್ಲ. 2020ರ ಲಾಕ್‌ಡೌನಿನ ನಂತರ ಎಲ್ಲವೂ ಬದಲಾಯಿತು. ಮಕ್ಕಳ ಪಾಠಕ್ಕೆಂದು ಮನೆಗೆ ಬಂದ ಮೊಬೈಲು ಪಾಠ ಮುಗಿದ ಮೇಲೆ ಅಂಗಡಿಯಾಯಿತು. ತಿರುಪ್ಪೂರಿನಲ್ಲಿ ಹೊಲಿದ ಅಂಗಿಯೇ ದೂರದ ಗೋದಾಮಿಗೆ ಹೋಗಿ, ಪ್ಲಾಸ್ಟಿಕ್ ಚೀಲದಲ್ಲಿ ಸಿರುಮುಗೈಗೆ ಮರಳತೊಡಗಿತು. ಅದೂ ಯಜಮಾನರು ಕೊಂಡು ತರುವ ಬೆಲೆಗಿಂತ ಅಗ್ಗವಾಗಿ.

ಕೊಳ್ಳುವವರನ್ನು ದೂರುವಂತಿಲ್ಲ. ನಾಲ್ಕು ಕಾಸು ಉಳಿದರೆ ನೇಕಾರನ ಮನೆಗೆ ಅದು ದೊಡ್ಡದೇ. ಕನ್ನಡ ನಿಘಂಟೊಂದು ಬೇಕೆಂದರೆ ಬೆಂಗಳೂರಿಗೋ ಮೈಸೂರಿಗೋ ಹೋಗುವವರ ದಾರಿ ಕಾಯುತ್ತಿದ್ದ ಗಡಿನಾಡಿನ ಕುಟುಂಬಗಳಿಗೆ ಇಂದು ಪುಸ್ತಕ ಮನೆಬಾಗಿಲಿಗೆ ಬರುತ್ತಿದೆ. ಈ ಉಪಕಾರವನ್ನು ಮರೆಯಲಾಗದು.

ಆದರೆ ನಷ್ಟ ಅಂಗಡಿಯೊಂದರದೇ ಅಲ್ಲ. ಕೈಮಗ್ಗಕ್ಕೆಂದು ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಡುವ ಕಾಯಿದೆ 1985ರಷ್ಟು ಹಳೆಯದು. ಕೋವೈ ಕೋರಾ ಸೀರೆಗೆ ಭೌಗೋಳಿಕ ಗುರುತೂ ದೊರೆತಿದೆ. ಆದರೂ ಮೊಬೈಲಿನ ಚಿತ್ರದಲ್ಲಿ ಕೈಮಗ್ಗದ ಸೀರೆಯೂ ವಿದ್ಯುತ್ ಮಗ್ಗದ ಸೀರೆಯೂ ಒಂದೇ ಬಗೆಯಾಗಿ ಹೊಳೆಯುತ್ತವೆ. ಮುಟ್ಟಿ ನೋಡಿ ಬೇರ್ಪಡಿಸಬಲ್ಲವನು ಅಂಗಡಿಯವನು. ಅವನು ಬಾಗಿಲು ಹಾಕಿದರೆ ನೇಕಾರನ ಶ್ರಮವನ್ನು ಬಲ್ಲ ಒಬ್ಬ ಸಾಕ್ಷಿ ಇಲ್ಲವಾದಂತೆ.

ಕಳೆದ ಬೇಸಿಗೆ ರಜೆಯಲ್ಲಿ ತಾಳವಾಡಿಯಿಂದ ನೆಂಟರ ಹುಡುಗನೊಬ್ಬ ಬಂದಿದ್ದ. ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿ ಮುಗಿಸಿದವನು. ಮೊಬೈಲಿನ ಅಂಗಡಿಗಳು 2020ರಿಂದ ಕನ್ನಡದಲ್ಲಿಯೂ ದೊರೆಯುತ್ತಿವೆ. ಹುಡುಗ ಅದನ್ನು ತೆರೆದು ಯಜಮಾನರಿಗೆ ಒಂದೊಂದಾಗಿ ಓದಿ ಹೇಳಿದ. ತಮ್ಮ ಅಂಗಡಿಯನ್ನು ಬರಿದುಮಾಡುತ್ತಿರುವ ವ್ಯಾಪಾರವು ತಮ್ಮ ಮನೆಮಾತಿನಲ್ಲಿಯೇ, ಆದರೆ ತಾವು ಓದಲಾರದ ಅಕ್ಷರಗಳಲ್ಲಿ ನಡೆಯುತ್ತಿರುವುದನ್ನು ಅವರು ಸುಮ್ಮನೆ ನೋಡುತ್ತ ಕುಳಿತರು.

"ಇದು ಕಡ ಕೊಡ್ತದಾ?" ಎಂದು ಕೊನೆಗೆ ಕೇಳಿದರು.

"ಕೊಡ್ತದೆ ತಾತ. ಆದರೆ ತಾರೀಕು ತಪ್ಪಿದರೆ ದಂಡ."

ಯಜಮಾನರು ಕಡದ ಪುಸ್ತಕವನ್ನು ತೆರೆದರು. ಒಂದು ಪುಟದಲ್ಲಿ ಬಾಕಿಯ ಎದುರು ತಾರೀಕೇ ಇರಲಿಲ್ಲ. ಆ ಮನೆಯ ನೇಕಾರನಿಗೆ ಕಣ್ಣು ಮಂದವಾಗಿ ಮಗ್ಗ ನಿಂತು ಎರಡು ವರ್ಷವಾಗಿತ್ತು. ಮೊನ್ನೆಯಷ್ಟೇ ಆ ಮನೆಯ ಅಂಗಳಕ್ಕೆ ಪ್ಲಾಸ್ಟಿಕ್ ಚೀಲವೊಂದು ಬಂದಿಳಿದುದನ್ನು ಅವರು ಕಂಡಿದ್ದರು.

ದಸರೆಯ ತನಕ ನೋಡಿ, ಅಂಗಡಿ ಮುಚ್ಚುವ ಮಾತಾಡೋಣವೆಂದು ಮಗ ಹೇಳಿದ್ದಾನೆ. ಜೂನ್ ಬಂದಾಗ ಆ ಮನೆಯ ಮೊಮ್ಮಗಳಿಗೆ ಶಾಲೆಯ ಸಮವಸ್ತ್ರದ ಬಟ್ಟೆ ಬೇಕಾಯಿತು. ಮೊಬೈಲಿಗೆ ಕೊಡಲು ಹಣವಿರಲಿಲ್ಲ. ಅಜ್ಜಿ ಸಂಕೋಚದಿಂದ ಮೆಟ್ಟಿಲ ಬಳಿ ನಿಂತಳು. ಯಜಮಾನರು ಏನನ್ನೂ ಕೇಳದೆ ಬಟ್ಟೆ ಅಳೆದು ಕೊಟ್ಟು, ಹಳೆಯ ಬಾಕಿಯ ಕೆಳಗೆ ಇನ್ನೊಂದು ಸಾಲು ಬರೆದರು.