ಬೆಳ್ಳಿ ಟೋಪಿ ಮತ್ತು ನಮ್ಮ ಅಕ್ಕ

ಪತ್ರಿಕೋದ್ಯಮ ಓದುವಾಗ ನಮ್ಮ ಇಂಗ್ಲಿಷ್ ಮೇಷ್ಟ್ರು ಒಂದು ಕೆಲಸ ಕೊಟ್ಟಿದ್ದರು. ಯಾವುದಾದರೂ ಒಂದು ಇಂಗ್ಲಿಷ್ ಕಾದಂಬರಿ ಪೂರ್ತಿ ಓದಿ, ಅದರ ಬಗ್ಗೆ ಕ್ಲಾಸಿನಲ್ಲಿ 20 ನಿಮಿಷ ಮಾತಾಡಬೇಕು. ಕನ್ನಡ ಮೀಡಿಯಂನಲ್ಲಿ ಓದಿ ಬಂದ ನನ್ನಂಥವನಿಗೆ ಅದು ಶಿಕ್ಷೆಯೇ. ಲೈಬ್ರರಿಗೆ ಹೋಗಿ ಎಲ್ಲಕ್ಕಿಂತ ತೆಳ್ಳಗಿರುವ ಪುಸ್ತಕ ಹುಡುಕಿದೆ. ಸಿಕ್ಕಿದ್ದು 'ದಿ ವೈಟ್ ಮೌಂಟನ್ಸ್'. ಬರೆದವರು ಇಂಗ್ಲೆಂಡಿನ ಜಾನ್ ಕ್ರಿಸ್ಟೋಫರ್, 1967ರಲ್ಲಿ. ನಿಜವಾದ ಹೆಸರು ಸ್ಯಾಮ್ ಯೂಡ್. ಹದಿಹರೆಯದವರಿಗೆ ಬರೆದ ಪುಸ್ತಕವಾದ್ದರಿಂದ ಇಂಗ್ಲಿಷ್ ಸುಲಭ ಇರುತ್ತದೆ ಅಂದುಕೊಂಡೆ. ಆದರೂ ಡಿಕ್ಷನರಿ ಪಕ್ಕದಲ್ಲೇ ಇತ್ತು.

ಕಥೆ ಹೀಗಿದೆ. ಮುಂದೊಂದು ಕಾಲ. ಭೂಮಿಯನ್ನು ಆಳುತ್ತಿರುವುದು ಮನುಷ್ಯರಲ್ಲ, ಟ್ರೈಪಾಡ್ ಎಂಬ ಮೂರು ಕಾಲಿನ ದೈತ್ಯ ಯಂತ್ರಗಳು. ದೊಡ್ಡ ನಗರಗಳೆಲ್ಲ ಪಾಳು ಬಿದ್ದಿವೆ. ರೈಲಿಗೆ ಇಂಜಿನ್ ಇಲ್ಲ, ಕುದುರೆ ಎಳೆಯುತ್ತದೆ. ಜನ ಹಳ್ಳಿಗಳಲ್ಲಿ ಬೇಸಾಯ ಮಾಡಿಕೊಂಡು ನೆಮ್ಮದಿಯಾಗಿದ್ದಾರೆ. ಯುದ್ಧ ಇಲ್ಲ, ಗಲಾಟೆ ಇಲ್ಲ. ಒಂದೇ ಒಂದು ನಿಯಮ. 14 ವರ್ಷಕ್ಕೆ ಬಂದ ಹುಡುಗ ಹುಡುಗಿಯರಿಗೆ ಟೋಪಿ ಹಾಕಿಸಬೇಕು. ಆ ದಿನ ಟ್ರೈಪಾಡ್ ಊರಿಗೆ ಬಂದು, ಸೊಂಡಿಲಿನಂಥ ಕೈಯಿಂದ ಮಗುವನ್ನು ಎತ್ತಿ ತನ್ನ ಹೊಟ್ಟೆಯೊಳಗೆ ಇಟ್ಟುಕೊಂಡು, ಆಮೇಲೆ ವಾಪಸ್ ಇಳಿಸುತ್ತದೆ. ಬೋಳಿಸಿದ ತಲೆಯ ಮೇಲೆ ಬೆಳ್ಳಿಯಂತೆ ಹೊಳೆಯುವ ಲೋಹದ ಬಲೆ ಕೂತಿರುತ್ತದೆ. ಊರಿಗೆಲ್ಲ ಊಟ, ಹಬ್ಬ. ನಮ್ಮ ಕಡೆ ಮನೆಯಲ್ಲಿ ಶುಭಕಾರ್ಯ ಇದ್ದ ಹಾಗೆ.

ಕಥೆ ಹೇಳುವವನು ವಿಲ್ ಅನ್ನುವ 13 ವರ್ಷದ ಹುಡುಗ. ಅವನಿಗಿಂತ ಸ್ವಲ್ಪ ದೊಡ್ಡವನು ಜ್ಯಾಕ್, ಅಣ್ಣನಂಥ ಗೆಳೆಯ. ಹಿಂದಿನ ಜನ ಅಷ್ಟು ದೊಡ್ಡ ಹಡಗು ಕಟ್ಟಿದ್ದರಲ್ಲ, ಈಗ ಯಾಕೆ ಯಾರೂ ಕಟ್ಟುವುದಿಲ್ಲ ಅಂತೆಲ್ಲ ಯೋಚಿಸುವವನು. ಅವನಿಗೆ ಟೋಪಿ ಬೀಳುತ್ತದೆ. ಅದೇ ಹಬ್ಬದಲ್ಲಿ ವಿಲ್ ಹಳೆಯ ಮಾತು ಎತ್ತಿದರೆ, ಅದೆಲ್ಲ ಹುಡುಗಾಟ ಅನ್ನುತ್ತಾನೆ ಜ್ಯಾಕ್. ಸಿಟ್ಟಿಲ್ಲ, ಹೆದರಿಕೆ ಇಲ್ಲ. ಸಂತೋಷವಾಗಿಯೇ ಹೇಳುತ್ತಾನೆ. ಪುಸ್ತಕದಲ್ಲಿ ನನ್ನನ್ನು ಹೆದರಿಸಿದ್ದು ಆ ಯಂತ್ರಗಳಲ್ಲ, ಜ್ಯಾಕ್‌ನ ಆ ನಗು.

ನನಗೆ ಆ ಪುಟದಲ್ಲಿ ಕಂಡಿದ್ದು ನಮ್ಮ ಅಕ್ಕ.

ಅಕ್ಕ ಶಾಲೆಯಲ್ಲಿದ್ದಾಗ ಬಾಯಿ ಮುಚ್ಚಿದವಳಲ್ಲ. ನಮ್ಮೂರ ಗೇಟಿನಲ್ಲಿ ಬಸ್ ಯಾಕೆ ನಿಲ್ಲಿಸಲ್ಲ ಅಂತ ಕಂಡಕ್ಟರ್ ಹತ್ತಿರ ಜಗಳ ಆಡಿದವಳು. ಎಸ್ಸೆಸ್ಸೆಲ್ಸಿ ಆದ ಎರಡು ವರ್ಷಕ್ಕೆ ಮದುವೆಯಾಯಿತು. ಆಮೇಲೆ ಯಾವಾಗ ಫೋನ್ ಮಾಡಿದರೂ ಒಂದೇ ಮಾತು: "ಚೆನ್ನಾಗಿದೀನಿ ಕಣೋ, ನಂಗೇನ್ ಕಮ್ಮಿಯಾಗಿದೆ?"

ಕ್ಲಾಸಿನಲ್ಲಿ ಇದನ್ನೇ ಮಾತಾಡಿದೆ. ಚಪ್ಪಾಳೆ ಬಿತ್ತು. ಆ ಹುಮ್ಮಸ್ಸಿನಲ್ಲಿ ಲೇಖನವನ್ನೂ ಬರೆದೆ. ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗೆ ಕಾಣದ ಟೋಪಿ ಹಾಕುತ್ತಾರೆ, ಅಲ್ಲಿಗೆ ಅವರು ಪ್ರಶ್ನೆ ಕೇಳುವುದು ನಿಲ್ಲುತ್ತದೆ ಅಂತ. ಅಕ್ಕನ ಹೆಸರು ಹಾಕಲಿಲ್ಲ. ಆದರೆ ಬಸ್ಸಿನ ಜಗಳ ಬರೆದಿದ್ದೆ. ಇನ್ನು ಗೊತ್ತಾಗದೆ ಇರುತ್ತದೆಯೇ? ಮಾರನೇ ದಿನ ಭಾವನ ಮೊಬೈಲಿನಿಂದ ಫೋನ್ ಬಂತು.

"ಏನೋ, ನನ್ನ ತಲೆ ಮೇಲೆ ಟೋಪಿ ಐತಾ?"

ನಾನು ಸುಮ್ಮನಿದ್ದೆ.

"ಡೇರಿಲಿ ದಿನಾ ಫ್ಯಾಟ್ ಕಮ್ಮಿ ಬಂತು ಅಂತ ಬರ್ಕೋತಿದ್ರು. ಇನ್ನೊಂದ್ ಸಲ ಟೆಸ್ಟ್ ಮಾಡಿ ಅಂತ ಆರು ತಿಂಗಳು ನಿಂತಿದೀನಿ ಅಲ್ಲಿ. ನೀನ್ ಯಾವತ್ತಾದ್ರೂ ಕೇಳಿದ್ಯಾ? ಚೆನ್ನಾಗಿದೀಯಾ ಅಂತೀಯ, ಚೆನ್ನಾಗಿದೀನಿ ಅಂತೀನಿ. ಅಷ್ಟೇ ತಾನೇ ನೀನ್ ಕೇಳೋದು?"

ಫೋನ್ ಇಟ್ಟಳು. ಒಂದು ವಾರ ಎತ್ತಲಿಲ್ಲ.

ಆ ವಾರ ಪುಸ್ತಕವನ್ನು ಮತ್ತೆ ಓದಿದೆ. ಈ ಸಲ 20 ನಿಮಿಷದ ಭಾಷಣಕ್ಕಲ್ಲ. ಮೊದಲ ಸಲ ಬೇಗ ಬೇಗ ದಾಟಿಸಿದ್ದ ಭಾಗವೊಂದಿತ್ತು. ವಿಲ್ ಟೋಪಿ ತಪ್ಪಿಸಿಕೊಳ್ಳಲು ಊರು ಬಿಟ್ಟು ಓಡುತ್ತಾನೆ. ಜೊತೆಗೆ ಅವನ ಸಂಬಂಧಿ ಹೆನ್ರಿ. ಫ್ರಾನ್ಸಿನಲ್ಲಿ ಜಾನ್-ಪಾಲ್ ಎಂಬ ಹುಡುಗ ಸೇರಿಕೊಳ್ಳುತ್ತಾನೆ. ಇವರ ಕಿವಿಗೆ ಆ ಹೆಸರು 'ಬೀನ್‌ಪೋಲ್' ಅಂತ ಕೇಳಿಸುತ್ತದೆ. ಅಂದರೆ ಬಳ್ಳಿ ಹಬ್ಬಿಸಲು ನೆಡುವ ಕೋಲು. ಹುಡುಗ ಇರುವುದೂ ಹಾಗೇ, ಉದ್ದ, ಸಣಕಲು. ದಕ್ಷಿಣದ ಬಿಳಿ ಬೆಟ್ಟಗಳಲ್ಲಿ, ಅಂದರೆ ಆಲ್ಪ್ಸ್ ಪರ್ವತಗಳಲ್ಲಿ, ಟೋಪಿ ಇಲ್ಲದ ಸ್ವತಂತ್ರ ಜನ ಇದ್ದಾರೆ ಅನ್ನುವುದೇ ಇವರಿಗಿರುವ ಆಸೆ.

ದಾರಿಯಲ್ಲಿ ವಿಲ್‌ಗೆ ಜ್ವರ ಬರುತ್ತದೆ. ಒಂದು ಕೋಟೆಯ ದೊಡ್ಡ ಮನೆತನದವರು ಅವನನ್ನು ಒಳಗೆ ಕರೆದುಕೊಂಡು ಆರೈಕೆ ಮಾಡುತ್ತಾರೆ. ಒಳ್ಳೆಯ ಊಟ, ಕುದುರೆ ಸವಾರಿ, ಮಗನಂತೆ ಪ್ರೀತಿ. ಆ ಮನೆಯ ಮಗಳು ಎಲೋಯಿಸ್ ಅವನಿಗೆ ಭಾಷೆ ಕಲಿಸುತ್ತಾಳೆ. ಅವಳನ್ನೂ ಬೆಟ್ಟಕ್ಕೆ ಕರೆದೊಯ್ಯಬೇಕೆಂದು ಹುಡುಗ ಕನಸು ಕಟ್ಟುತ್ತಾನೆ. ಒಂದು ದಿನ ತಮಾಷೆಗೆ ಅವಳ ತಲೆವಸ್ತ್ರ ಎಳೆದರೆ, ಕೆಳಗೆ ಬೆಳ್ಳಿ ಬಲೆ.

ಅದನ್ನು ನೋಡಿಯೂ ಅವನು ಓಡುವುದಿಲ್ಲ. ನಾನು ಮೊದಲ ಸಲ ಗಮನಿಸದೆ ಬಿಟ್ಟಿದ್ದು ಇದನ್ನೇ. ಅಷ್ಟು ದೂರ ಓಡಿ ಬಂದ ಹುಡುಗ, ಇಲ್ಲೇ ಇದ್ದು ತಾನೂ ಟೋಪಿ ಹಾಕಿಸಿಕೊಂಡರೆ ಏನು ಕಷ್ಟ ಅನ್ನುವವರೆಗೆ ಬರುತ್ತಾನೆ. ತಲೆಯ ಮೇಲೆ ಏನೂ ಇಲ್ಲದೆಯೇ! ನಾನು ಮಾತ್ರ ಬೆಟ್ಟ ಹತ್ತಿ ನಿಂತವನ ಹಾಗೆ ಕೆಳಗಿನವರಿಗೆಲ್ಲ ಟೋಪಿ ಎಣಿಸಿದ್ದೆ. ನನಗೆ ಸಿಕ್ಕ ಚಪ್ಪಾಳೆಯೂ ಒಂದು ಕೋಟೆ ಮನೆಯೇ ಅಲ್ಲವೇ?

ಇದೇ ಸರಣಿಯಲ್ಲಿ ಇನ್ನೆರಡು ಪುಸ್ತಕ ಇವೆ. ಆಳುವವರ ಒಂದು ನಗರ ಬೀಳುವುದು ಬಾಂಬಿನಿಂದಲ್ಲ, ಅವರು ಕುಡಿಯುವ ನೀರಿಗೆ ಬೆರೆಸಿದ ಮದ್ಯದಿಂದ. ನಮ್ಮೂರಲ್ಲಿ ಇದನ್ನು ಹೇಳಿದಾಗ ಕಟ್ಟೆ ಮೇಲಿದ್ದವರೆಲ್ಲ ಬಹಳ ಹೊತ್ತು ನಕ್ಕರು. 1988ರಲ್ಲಿ ಲೇಖಕರು ಹಿಂದಿನ ಕಥೆಯನ್ನೂ ಬರೆದರು, ಈ ಯಂತ್ರಗಳು ಭೂಮಿಯನ್ನು ಗೆದ್ದದ್ದು ಹೇಗೆ ಅಂತ. ಮೊದಲು ಬಂದ ಟ್ರೈಪಾಡ್‌ಗಳನ್ನು ಮನುಷ್ಯರು ಸುಲಭವಾಗಿ ಒಡೆದು ಹಾಕುತ್ತಾರೆ. ಆಮೇಲೆ ಟಿವಿಯಲ್ಲಿ ಟ್ರೈಪಾಡ್‌ಗಳ ಒಂದು ತಮಾಷೆ ಕಾರ್ಯಕ್ರಮ ಶುರುವಾಗುತ್ತದೆ. ನೋಡಿದವರು ಮರುಳಾಗುತ್ತಾರೆ. ಮೊದಮೊದಲು ಟೋಪಿಯನ್ನು ಅವರೇ ಖುಷಿಯಿಂದ ಹಾಕಿಕೊಳ್ಳುತ್ತಾರೆ. ಇದನ್ನು ಓದಿದ್ದು ರಾತ್ರಿ ಹನ್ನೆರಡಕ್ಕೆ, ಅದಕ್ಕೂ ಮೊದಲು ಎರಡು ಗಂಟೆ ರೀಲ್ಸ್ ನೋಡಿ.

ಮುಂದಿನ ಭಾನುವಾರ ಬಸ್ ಹತ್ತಿ ಅಕ್ಕನ ಊರಿಗೆ ಹೋದೆ. ಸಂಜೆ ಅವಳ ಜೊತೆ ಡೇರಿಗೂ ಹೋದೆ. ಕ್ಯಾನ್ ಹಿಡಿದುಕೊಂಡು ಸಾಲಿನಲ್ಲಿ ನಿಂತಿದ್ದಳು. ಹಾಲು ಅಳೆಯುವವನು ಅವಳನ್ನು ಕಂಡ ತಕ್ಷಣ, ಕೇಳುವ ಮೊದಲೇ, ಇನ್ನೊಂದು ಸಲ ಟೆಸ್ಟ್ ಮಾಡಿ ಚೀಟಿ ಕೊಟ್ಟ. ಅಕ್ಕ ಅದನ್ನು ಓದಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ನನ್ನ ಕಡೆ ನೋಡಲೂ ಇಲ್ಲ.

ರಾತ್ರಿ ಮುದ್ದೆ ತಿರುವುತ್ತಾ, "ಆ ಕಥೆ ಪೂರ್ತಿ ಹೇಳು" ಅಂದಳು. ಹೇಳಿದೆ. ಜ್ಯಾಕ್, ಕೋಟೆ, ಬೆಟ್ಟ, ಎಲ್ಲ. ವಿಲ್‌ನ ಕಂಕುಳಿನ ಕೆಳಗೆ ಟ್ರೈಪಾಡ್ ಗುಟ್ಟಾಗಿ ಇಟ್ಟಿದ್ದ ಲೋಹದ ಗುಂಡಿಯನ್ನು ಗೆಳೆಯರು ಚಾಕುವಿನಿಂದ ಕೊಯ್ದು ತೆಗೆಯುವ ಜಾಗದಲ್ಲಿ "ಅಯ್ಯೋ" ಅಂದಳು.

ಕೊನೆಗೆ ಕೇಳಿದಳು: "ಅಲ್ವೋ, ಆ ಹುಡುಗ ರಾತ್ರೋರಾತ್ರಿ ಮನೆ ಬಿಟ್ಟನಲ್ಲ, ಅವರವ್ವಂಗೆ ಹೇಳಿ ಹೋದ್ನಾ?"

ಇಲ್ಲ ಅಂದೆ.

"ಟೋಪಿ ಇದ್ರೂ ಅವಳು ಹುಡುಕಿರ್ತಾಳೆ, ಅಲ್ವಾ?"

ಇಡೀ ಕ್ಲಾಸಿನಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಪುಸ್ತಕ ಬ್ಯಾಗಿನಲ್ಲೇ ಇತ್ತು. ತೆಗೆದು, ವಿಲ್ ಮನೆ ಬಿಡುವ ಪುಟ ಹುಡುಕಿ, ಒಂದೊಂದೇ ಸಾಲು ಕನ್ನಡದಲ್ಲಿ ಹೇಳತೊಡಗಿದೆ. ಅಕ್ಕ ಒಲೆ ಉರಿ ಸಣ್ಣ ಮಾಡಿ ಬಂದು ಪಕ್ಕದಲ್ಲಿ ಕೂತಳು.