ಎದೆಗೆ ಜರಿ, ಬೆನ್ನಿಗೆ ಲಾಡಿ

"ಅಪ್ಪ, ಒಂದು ಸ್ಕಿನ್ ತಗೋಬೇಕು, ದುಡ್ಡು ಹಾಕು" ಅಂದ ಮಗ.

"ಇರೋ ಚರ್ಮಕ್ಕೆ ಏನಾಗಿದೆಯಲಾ?" ಅಂದೆ. ಅವನು ಹಣೆ ಚಚ್ಚಿಕೊಂಡ.

2023ರ ಜುಲೈ. ಗಂಡಸಿಯ ನಮ್ಮ ಮನೆಯ ಅಟ್ಟದಿಂದ ಕಾಯಿ ಇಳಿಸಿ ಸುಲಿಸುತ್ತಿದ್ದೆವು. ಅಪ್ಪ ಜಗುಲಿಯಲ್ಲಿ ಕೂತು ಒಂದೊಂದು ಕಾಯನ್ನೂ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಒಳಗೆ ಗಿಟುಕು ಗಡಗಡ ಅಂದರೆ ಬಲಕ್ಕೆ, ಸುಮ್ಮನಿದ್ದರೆ ಎಡಕ್ಕೆ. ಮಗ ಕಂಬಕ್ಕೊರಗಿ ಬಿಜಿಎಂಐ ಆಡುತ್ತಿದ್ದ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ. ನೂರು ಜನ ವಿಮಾನದಿಂದ ದ್ವೀಪಕ್ಕೆ ಹಾರಿ, ಬರಿಗೈಲಿ ಇಳಿದು, ಸಿಕ್ಕಿದ ಬಂದೂಕು ಎತ್ತಿಕೊಂಡು ಹೊಡೆದಾಡುವ ಆಟ. ಕಂಪನಿ ಕೊರಿಯಾದ ಕ್ರಾಫ್ಟನ್. ಇಂಡಿಯಾದ ಆಫೀಸು ನಮ್ಮ ಬೆಂಗಳೂರಿನಲ್ಲೇ. ಆ ತಿಂಗಳು ಆಟದೊಳಕ್ಕೆ ಡ್ರ್ಯಾಗನ್ ಬಾಲ್ ಎಂಬ ಜಪಾನೀ ಚಿತ್ರಕಥೆಯ ಗೋಕು ಬಂದಿದ್ದ. ಒಂದು ಕಥೆಯವನು ಇನ್ನೊಂದು ಆಟದ ಮನೆಗೆ ಹೀಗೆ ನೆಂಟನಾಗಿ ಬಂದರೆ ಹುಡುಗರು ಅದನ್ನು ಕೊಲ್ಯಾಬ್ ಅನ್ನುತ್ತಾರೆ. ಆಡುವವನು ದುಡ್ಡು ಕೊಟ್ಟು ತೊಡುವ ಅವನ ವೇಷವೇ ಸ್ಕಿನ್.

"ಅದು ಹಾಕ್ಕೊಂಡ್ರೆ ಜೋರಾಗಿ ಓಡ್ತೀಯಾ?"

"ಇಲ್ಲ."

"ಗುಂಡು ತಗಲಲ್ವಾ?"

"ತಗಲುತ್ತೆ."

"ಮತ್ಯಾಕೆ?"

"ಎಲ್ರೂ ನೋಡ್ತಾರಪ್ಪ."

ಇಷ್ಟು ಹೊತ್ತೂ ಸುಮ್ಮನಿದ್ದ ಅಪ್ಪ ಕಾಯಿ ಕೆಳಗಿಟ್ಟು, "ಕೊಡ್ಸಲಾ ಮಗೀಗೆ" ಅಂದ. ಬಸ್ಸಿನಲ್ಲಿ ಒಂದು ರೂಪಾಯಿ ಚಿಲ್ಲರೆಗೆ ಹ್ಯಾಂಡ್‌ಪೋಸ್ಟ್‌ವರೆಗೂ ಕಂಡಕ್ಟರ್ ಬೆನ್ನು ಬಿಡದ ಮನುಷ್ಯ! ಆದರೆ ನನಗೆ ಆಶ್ಚರ್ಯವಾಗಲಿಲ್ಲ. ಅಪ್ಪ ಒಂದು ಕಾಲದಲ್ಲಿ ದುರ್ಯೋಧನನನ್ನು ಕೊಂಡವನು.

ನಮ್ಮ ಕಡೆ ಕುರುಕ್ಷೇತ್ರ ನಾಟಕ ಆಡುವುದು ಹೀಗೆ: ಹಾರ್ಮೋನಿಯಂ ಹೊತ್ತು ಡ್ರಾಮಾ ಮೇಷ್ಟ್ರು ಊರಿಗೆ ಬಂದು ತಿಂಗಳಾನುಗಟ್ಟಲೆ ಕಲಿಸುತ್ತಾರೆ. ಪಾತ್ರ ಬೇಕಾದವರು ದುಡ್ಡು ಕೊಟ್ಟು ತಗೋಬೇಕು. ನಟನಿಗೆ ಸಂಬಳವಲ್ಲ, ನಟನೇ ಕೊಡಬೇಕು! ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು, ದ್ವಾರಪಾಲಕನಿಗೆ ಹೆಚ್ಚೂಕಡಿಮೆ ಪುಕ್ಕಟೆ. ಗಿರಾಕಿ ಜಾಸ್ತಿಯಾದರೆ ಒಂದೇ ರಾತ್ರಿಗೆ ಮೂವರು ಕೃಷ್ಣರು. ಮೊದಲನೆಯವನು ಕೊಳಲು ಊದಿ ಒಳಗೆ ಹೋದರೆ ಮೂರನೆಯವನು ಗೀತೆ ಹೇಳಲು ಬರುತ್ತಾನೆ. ಈ ಹುಚ್ಚು ಹಿಡಿಸಿದ್ದರಲ್ಲಿ ಗುಬ್ಬಿ ಕಂಪನಿಯ ಪಾಲು ದೊಡ್ಡದು. ಅರಸೀಕೆರೆಯಲ್ಲಿ ರೈಲು ಹತ್ತಿ ತಿಪಟೂರು ದಾಟಿದರೆ ಗುಬ್ಬಿ. ಆ ಊರಿನ ವೀರಣ್ಣನವರು 1934ರಲ್ಲಿ ಕುರುಕ್ಷೇತ್ರವನ್ನು ಆನೆ, ಕುದುರೆ ಸಮೇತ ರಂಗಕ್ಕೆ ತಂದಿದ್ದರು. ನಮ್ಮೂರಿನವರಿಗೆ ಆನೆ ಸಿಗಲಿಲ್ಲ, ಕಿರೀಟ ಬಾಡಿಗೆಗೆ ಸಿಕ್ಕಿತು.

ನಾನಾಗ ನಾಲ್ಕನೇ ಕ್ಲಾಸು. ಆ ವರ್ಷದ ಕೊಬ್ಬರಿ ದುಡ್ಡಿನಲ್ಲಿ ಅಮ್ಮನಿಗೆ ಓಲೆ ಬರಬೇಕಿತ್ತು. ದುರ್ಯೋಧನ ಬಂದ.

ನಾಟಕದ ರಾತ್ರಿ ಸೀನರಿಯವರ ಲಾರಿ ಬಂದು ಟ್ರಂಕು ಇಳಿಸಿತು. ತೆಗೆದರೆ ನುಸಿಗುಳಿಗೆ, ಬೆವರು, ಹಳೇ ಪೌಡರು ಮೂರೂ ಸೇರಿದ ವಾಸನೆ. ಎದೆಕವಚದ ಮುಂಭಾಗವೆಲ್ಲ ಮಖಮಲ್ಲು, ಜರಿ, ಗಾಜಿನ ಹರಳು. ಹಿಂದೆ ಏನೂ ಇಲ್ಲ, ನಾಲ್ಕು ಲಾಡಿ ಮಾತ್ರ. ಬೆನ್ನಿನ ಮೇಲೆ ಅದನ್ನು ಎಳೆದು ಕಟ್ಟುತ್ತಾರೆ. ಅದಕ್ಕೇ ಹಳ್ಳಿ ನಾಟಕದ ರಾಜರು ಜನರಿಗೆ ಬೆನ್ನು ತೋರಿಸುವುದಿಲ್ಲ, ಏಡಿಯ ಹಾಗೆ ಪಕ್ಕಕ್ಕೇ ಸರಿದು ಒಳಗೆ ಹೋಗುತ್ತಾರೆ. ಆವತ್ತು ಅಪ್ಪನಿಗೆ ಆ ಲಾಡಿಯ ಭಾಗ್ಯವೂ ಇರಲಿಲ್ಲ. ಟ್ರಂಕು ಅದಲುಬದಲಾಗಿ ಕೌರವರ ಡ್ರೆಸ್ಸು ಇನ್ಯಾವುದೋ ಊರಿಗೆ ಹೋಗಿ, ನಮ್ಮೂರಿಗೆ ಎಚ್ಚಮನಾಯಕ ಅನ್ನುವ ಬೇರೆ ನಾಟಕದ ಪೆಟ್ಟಿಗೆ ಬಂದಿತ್ತು. ಪೇಟ, ಉದ್ದನೆ ನಿಲುವಂಗಿ, ಮೊಣಕಾಲುದ್ದದ ಬೂಟು. ಮೇಷ್ಟ್ರು ತಲೆ ಮೇಲೆ ಕೈಹೊತ್ತರು. ಅಪ್ಪ ಬೂಟಿಗೆ ಕಾಲು ತೂರಿಸಿದ. ಭೀಮನ ಹಳೇ ಗದೆ ಹಿಡಿದು, ನಾಯಕರ ಪೇಟ ಸುತ್ತಿಕೊಂಡು ಹಸ್ತಿನಾವತಿಯ ಅರಸು ಸಭೆಗೆ ಬಂದಾಗ ಎದ್ದ ಶಿಳ್ಳೆಯಿದೆಯಲ್ಲ, ಮೂರೂ ಕೃಷ್ಣರನ್ನು ಸೇರಿಸಿದರೂ ಬಂದಿರಲಿಲ್ಲ. ಅಮ್ಮ ಮಾತ್ರ ಬರಿಗಿವಿಯಲ್ಲಿ ಕೂತು ನಗುತ್ತಿದ್ದಳೋ ಅಳುತ್ತಿದ್ದಳೋ, ಗ್ಯಾಸ್‌ಲೈಟಿನಲ್ಲಿ ಗೊತ್ತಾಗಲಿಲ್ಲ.

ಒಂದು ಕಥೆಯ ವೇಷವನ್ನು ಇನ್ನೊಂದರಲ್ಲಿ ತೊಡುವುದನ್ನು ಫೋನು, ಕಂಪ್ಯೂಟರಿನ ಆಟಗಳ ಲೋಕವೂ ಮಾಡಿತು, ಸ್ವಲ್ಪ ತಡವಾಗಿ. 2009ರಲ್ಲಿ ಲೆಫ್ಟ್ ಫೋರ್ ಡೆಡ್ 2 ಎಂಬ ಆಟವನ್ನು ಮುಂಗಡ ಕಾದಿರಿಸಿದವರಿಗೆ, ಅದೇ ಕಂಪನಿಯ ಟೀಮ್ ಫೋರ್ಟ್ರೆಸ್ 2 ಎಂಬ ಬೇರೆ ಆಟದಲ್ಲಿ ಹಾಕಿಕೊಳ್ಳಲು ಬಿಲ್ ಎಂಬ ಮುದುಕನ ಟೊಪ್ಪಿ ಕೊಟ್ಟರು. ಅದರಿಂದ ಒಂದು ಗುಂಡೂ ತಪ್ಪದು. ಆದರೂ ಜನ ಮುಗಿಬಿದ್ದರು. 2018ರಲ್ಲಿ ಫೋರ್ಟ್‌ನೈಟ್‌ಗೆ ಸಿನಿಮಾದ ಥಾನೋಸ್ ಬಂದ; ಆಮೇಲೆ ಬಾರದವರೇ ಇಲ್ಲ. ಬಿಜಿಎಂಐಗೆ ರಣವೀರ್ ಸಿಂಗ್ ಕೂಡ ಬಂದರು.

ಈ ಗೋಕುವಂತೂ ನೆಂಟರ ನೆಂಟ. ಜಪಾನಿನ ಅಕಿರಾ ತೊರಿಯಾಮ 1984ರಲ್ಲಿ ಅವನನ್ನು ಬರೆಯಲು ಕೂತಾಗ ಮುಂದಿದ್ದದ್ದು ಚೀನೀ ಕಥೆಯ ಕಪಿರಾಜ ಸುನ್ ವುಕಾಂಗ್. ಆ ಕಪಿರಾಜನ ಹಿಂದೆ ನಮ್ಮ ಹನುಮಂತ ಇದ್ದಾನೆಂದು ವಾದಿಸುವ ಪಂಡಿತರೂ ಇದ್ದಾರೆ. ವಾದ ಗೆಲ್ಲಲಿ, ಸೋಲಲಿ. ಚಿಕ್ಕ ಗೋಕುಗೆ ಬಾಲವಂತೂ ಇತ್ತು. ಇದನ್ನು ಹೇಳಿದ ಕೂಡಲೇ ಅಪ್ಪನಿಗೆ ಅವನು ನಮ್ಮವನೇ ಆಗಿಬಿಟ್ಟ.

"ದಿನದ ಬಾಡಿಗೆಗೋ, ಸ್ವಂತಕ್ಕೋ?" ಅಂತ ಮೊಮ್ಮಗನನ್ನು ಕೇಳಿದ.

"ಸ್ವಂತ ತಾತ. ಆದ್ರೆ ಆಟದೊಳಗೆ ಮಾತ್ರ."

ಆ ಸ್ವಂತ ಎಂಥದ್ದು ಅನ್ನುವುದು ಹುಡುಗನಿಗೂ ಗೊತ್ತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿಯೂ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿದಾಗ, ಮಾವನ ಫೋನಿನಲ್ಲಿ ಬಣ್ಣ ಹಚ್ಚಿಸಿಕೊಂಡಿದ್ದ ಕಾವಲಿಗಾಗಿ ಊಟ ಬಿಟ್ಟಿದ್ದ. (ಆ ಆಟದಲ್ಲಿ ಬೆನ್ನಿಗೆ ಸಿಕ್ಕಿಸಿದ ಕಾವಲಿ ನಿಜವಾಗಿಯೂ ಗುಂಡು ತಡೆಯುತ್ತದೆ. ತಡೆಯುವುದು ಕಾವಲಿ, ಬಣ್ಣವಲ್ಲ.) 2021ರ ಜುಲೈನಲ್ಲಿ ಅದೇ ಪಬ್‌ಜಿ ರಕ್ತದ ಬಣ್ಣ ಹಸಿರಾಗಿ, ಮಕ್ಕಳು ಆಡಲು ಹೆತ್ತವರ ಫೋನಿಗೆ ಓಟಿಪಿ ಬರುವ ಕಟ್ಟಲೆಯೊಂದಿಗೆ ಬಿಜಿಎಂಐ ಆಗಿ ಬಂತು. ಮರುವರ್ಷದ ಜುಲೈನಲ್ಲಿ ಅಂಗಡಿಯಿಂದ ಮತ್ತೆ ಮಾಯ. 2023ರ ಮೇನಲ್ಲಿ ಮತ್ತೆ ಪ್ರತ್ಯಕ್ಷ.

"ಹಂಗಾದ್ರೆ ಬಾಡಿಗೇದೇ" ಅಂದ ಅಪ್ಪ, ತೃಪ್ತಿಯಿಂದ.

ದುಡ್ಡು ಹಾಕಿದೆ. ಕೇಸರಿ ಬಟ್ಟೆಯ ಗೋಕು ಬಂದ. ಅಪ್ಪ ಕನ್ನಡಕ ಏರಿಸಿ ಫೋನಿನ ಮೇಲೆ ಬಗ್ಗಿದ. ಸ್ವಲ್ಪ ಹೊತ್ತಿಗೆ, "ಇದೇನ್ಲಾ, ಬರೀ ಬೆನ್ನೇ ಕಾಣ್ತದೆ?"

ಹೌದಲ್ಲ! ಆಡುವವನಿಗೆ ತನ್ನ ವೇಷದ ಹಿಂಭಾಗವೇ ಕಾಣುವುದು. ಮುಖ ನೋಡುವವನು ಎದುರಾಳಿ. ಅಪ್ಪನ ಕಾಲದಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದ ಜಾಗಕ್ಕೇ ಇವರು ಅಲಂಕಾರ ಮಾಡಿದ್ದರು. ಮಗ ಲಾಬಿಗೆ ಹೋಗಿ ಗೋಕುವನ್ನು ಬೆರಳಿನಲ್ಲಿ ಒಂದು ಸುತ್ತು ತಿರುಗಿಸಿದ. ಅಪ್ಪ ಅರ್ಧಕ್ಕೇ ಅವನ ಬೆರಳು ಹಿಡಿದು ನಿಲ್ಲಿಸಿದ.

"ತಡಿ ತಡಿ. ಲಾಡಿ ಎಲ್ಲಿ ಕಟ್ಟವ್ರೆ?"

"ತಾತ, ಪ್ಲೇನ್ ಹತ್ತೋ ಹೊತ್ತಾಯ್ತು, ಕೈ ಬಿಡು."